ಒಬ್ಬರಿಗೆ ಒಂದೇ ಗಂಟೆ

ಡೊಂಬಿವಲಿಯ ಆ ಹಳೇ ಬಿಲ್ಡಿಂಗಿನಲ್ಲಿ ನಸುಕಿಗೆ ನಳ್ಳಿ ನೀರು ಬಂತೆಂದರೆ ವಾಚ್‌ಮನ್ ಹಣಮಂತ್ರಾಯ ಬಾಗಿಲು ಬಾಗಿಲು ಬಡಿಯುತ್ತಿದ್ದ. ಮೊದಲ ಏಟು ನೆಲಮಹಡಿಯ ಜಯಶೀಲನ ಬಾಗಿಲಿಗೆ. ರಬಾಳೆಯ ಕಂಪನಿಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ತಡರಾತ್ರಿ ಬಂದು ಆಗಷ್ಟೇ ಕಣ್ಣು ಮುಚ್ಚಿದವನಿಗೆ ಅದು ಎದೆಯ ಮೇಲೆ ಲೋಕಲ್ ಟ್ರೇನ್ ಹರಿದಂತೆ. ಅವನಿಗೆ ಬೇಕಾದದ್ದು ಒಂದೇ, ಬೆಳಗಿನ ನಿದ್ದೆ.

ಅದಕ್ಕೇ ಜಾವಾಸ್ಕ್ರಿಪ್ಟ್‌ನಲ್ಲಿ ಅಂಗೈಯಗಲದ ಪ್ರೋಗ್ರಾಮ್ ಬರೆದ. ಫೋನಿನಲ್ಲಿ ಪೇಜ್ ತೆರೆದವರು ಸಬ್‌ಸ್ಕ್ರೈಬ್ ಆದಂತೆ, ಅಂದರೆ ಪಟ್ಟಿಗೆ ಸೇರಿದಂತೆ. ನೀರು ಬಂದಾಗ ಹಣಮಂತ್ರಾಯ ತನ್ನ ಫೋನಿನಲ್ಲಿ ಪಬ್ಲಿಷ್ ಬಟನ್ ಒತ್ತಿದರೆ ಸೇರಿದವರಿಗೆಲ್ಲ ಗಂಟೆ. ಬಾಗಿಲು ಬಡಿಯುವ ಕೆಲಸವೇ ಇಲ್ಲ. ಜಯಶೀಲ ತಾನು ಮಾತ್ರ ಸೇರಲಿಲ್ಲ.

ಭಾನುವಾರ ನಸುಕಿಗೆ ಹಣಮಂತ್ರಾಯ ಒತ್ತಿದ. ಗಂಟೆ ಬಾರಿಸಿತು, ನಿಲ್ಲಲಿಲ್ಲ. ಪೇಜ್ ತೆರೆದಷ್ಟು ಸಲವೂ ಅದೇ ಹೆಸರು ಮತ್ತೆ ಸೇರಿ, ಅಷ್ಟೂ ಸಲ ಗಂಟೆ ಹೊಡೆಯುತ್ತದೆಂದು ಜಯಶೀಲನಿಗೆ ಹೊಳೆದಿರಲಿಲ್ಲ. ಸೊಸೈಟಿಯ ಸೆಕ್ರೆಟರಿ ವಿನೋದಕ್ಕನಂತೂ ಹಿಂದಿನ ದಿನವಿಡೀ ಸಾರಿಗೆ ಉಪ್ಪು ನೋಡಿದ ಹಾಗೆ ಪೇಜ್ ತೆರೆತೆರೆದು ನೋಡಿದ್ದರು. ಅವರ ಫೋನಿನ ಬಡಿತ ಕಲ್ಯಾಣ್ ಸ್ಟೇಷನ್ನಿಗೂ ಕೇಳಿಸಿರಬೇಕು. ಮೇಲಿನ ಮಹಡಿಯ ಮಾನಮ್ಮನ ಗಂಡ ಬೆಂಕಿ ಬಿತ್ತೆಂದು ಗ್ಯಾಸ್ ಸಿಲಿಂಡರ್ ಹೊತ್ತು ರಸ್ತೆಗೆ ಓಡಿದ, ಹೆಂಡತಿಯನ್ನು ಬಿಟ್ಟು.

ಎಲ್ಲರೂ ಬಂದು ಗುದ್ದಿದ್ದು ಜಯಶೀಲನ ಬಾಗಿಲನ್ನೇ.

"ಎಂತ ಮಾರಾಯ ಇದು? ನಮ್ಮ ದೇವರಕೋಣೆಯ ದೇವರೂ ಎದ್ದು ಕೂತಿದ್ದಾರೆ," ಅಂದರು ವಿನೋದಕ್ಕ.

ತಪ್ಪು ತನ್ನದೆಂದು ಜಯಶೀಲ ಒಪ್ಪಿಕೊಳ್ಳಲಿಲ್ಲ. ವಾಚ್‌ಮನ್ನೇ ಬಟನ್ ಒತ್ತಿ ಹಿಡಿದಿರಬೇಕೆಂದು ತೊದಲಿದ. ಸರಿ, ವಿನೋದಕ್ಕ ಹಣಮಂತ್ರಾಯನಿಗೆ ಇನ್ನು ಬಟನ್ ಮುಟ್ಟಕೂಡದೆಂದು ತಾಕೀತು ಮಾಡಿ, ಬೇಕಿದ್ದರೆ ಎಲ್ಲರ ಹಾಗೆ ಸಬ್‌ಸ್ಕ್ರೈಬ್ ಆಗಿ ಕೂರಲು ಹೇಳಿದರು. ಜಯಶೀಲ ಒಬ್ಬರಿಗೆ ಒಂದೇ ಗಂಟೆಯಾಗುವಂತೆ ಪ್ರೋಗ್ರಾಮ್ ತಿದ್ದಿ, ಹೊದ್ದು ಮಲಗಿದ.

ಸಂಜೆಯೂ ಒಮ್ಮೆ ನೀರು ಬರುವುದಿತ್ತು; ಇಡೀ ಬಿಲ್ಡಿಂಗ್ ಬಕೆಟ್ ಜೋಡಿಸಿ ಫೋನು ನೋಡುತ್ತ ಕೂತಿತು. ನೀರು ಬಂತು, ಹೋಯಿತು. ಗಂಟೆ ಬಾರಿಸಲಿಲ್ಲ. ಮಾನಮ್ಮ ನಳ್ಳಿ ತಿರುಗಿಸಿದಾಗ ಬಂದದ್ದು ಗಾಳಿ.

ಗೇಟಿನ ಬಳಿ ಹಣಮಂತ್ರಾಯನೂ ಫೋನು ನೋಡುತ್ತ ಕೂತಿದ್ದ. ನೀರು ಬಂದದ್ದು ಗೊತ್ತಾಗಲಿಲ್ಲವೇ ಎಂದು ವಿನೋದಕ್ಕ ಗದರಿದರು.

"ಪೈಪ್ ಗುಡುಗುಡು ಅಂದದ್ದು ಕೇಳೀನ್ರಿ ಅಕ್ಕಾರ. ಬಟನ್ ಮುಟ್ಟಬ್ಯಾಡ ಅಂದ್ರಲ್ರಿ, ಅದಕ್ಕ ಗಂಟಿ ಬರ್ಲಿ ಅಂತ ನಾನೂ ಕುಂತಿದ್ದೆ."

ಕೇಳುವವರು ಇಡೀ ಬಿಲ್ಡಿಂಗ್, ಒತ್ತುವವರು ಯಾರೂ ಇಲ್ಲ. ವಿನೋದಕ್ಕ ಜಯಶೀಲನನ್ನು ಎಬ್ಬಿಸಿ, ಬಟನನ್ನು ಅವನ ಫೋನಿಗೇ ಹಾಕಿಸಿದರು. ಸರಿಯಾಗಿ ಒತ್ತಲು ತಿಳಿದವನು ಅವನೊಬ್ಬನೇ ತಾನೇ? ತಾನು ನಸುಕಿಗೆ ಏಳುವವನಲ್ಲ ಎಂದು ಅವನು ಗೋಗರೆದ.

"ಅದಕ್ಕೆ ಯಾಕೆ ಮಂಡೆಬಿಸಿ? ನೀರು ಬಂದ ಕೂಡಲೇ ಹಣಮಂತ್ರಾಯ ನಿನ್ನ ಬಾಗಿಲು ಬಡೀತಾನೆ," ಅಂದರು ವಿನೋದಕ್ಕ. "ನಿನ್ನದೊಂದೇ."