ಒಂದು ಗೇಣು ಎತ್ತರದ ಜೀಪು

ಹಣಮಂತರಾಯರು ಜೀವನದಲ್ಲಿ ಮಾಡಿದ ತಪ್ಪು ಒಂದೇ ಎಂದರೆ ಸುಳ್ಳಾಗುತ್ತದೆ. ಬೇಕಾದರೆ ಅವರ ಊರು ನರೋಣಾದ ಮಂದಿ ಪಟ್ಟಿಯನ್ನೇ ಕೊಟ್ಟಾರು. ಆದರೆ ಅವರನ್ನು ಇಂದಿಗೂ ಚುಚ್ಚುವುದು ಮಾತ್ರ ಜೀಪಿನದು.

ಹೋದ ವರ್ಷ ಎಳ್ಳ ಅಮಾಸಿಗೆ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೊರಟಾಗ, ಹಳೆಯ ಜೀಪು ಹಳ್ಳದ ದಂಡೆಯ ಗಾಲಿಜಾಡಿನಲ್ಲಿ ಹೊಟ್ಟೆ ಊರಿ ಕೂತುಬಿಟ್ಟಿತು. ಆ ಹೊಡೆತಕ್ಕೆ ಹೆಂಡತಿ ಶಾರದಾಬಾಯಿಯ ತೊಡೆಯ ಮೇಲಿದ್ದ ಭಜ್ಜಿ ಪಲ್ಯದ ಗಡಿಗೆ ಉರುಳಿ, ಭೂತಾಯಿಗೆ ಸಲ್ಲಬೇಕಾದದ್ದು ಜೀಪಿಗೇ ಸಂದಿತು. “ಒಂದ ಗೇಣ ಎತ್ತರ ಇದ್ದಿದ್ರ ದಾಟ್ತಿತ್ತು ನೋಡ್ರಿ” ಅಂದಳು ಆಕೆ, ಸೀರೆ ಜಾಡಿಸುತ್ತ. ಇಪ್ಪತ್ತೆರಡು ವರ್ಷ ಎಡಗಡೆಯ ಸೀಟಿನಲ್ಲಿ ಕೂತು, ಮುಂದೆ ಎಮ್ಮೆ ಇದೆ, ಸಾವಕಾಶ ಎಂದು ಹೇಳುತ್ತಲೇ ಬಂದ ಹೆಂಗಸು. ರಾಯರು ಆಕೆಯ ಮಾತು ಕೇಳಿದ್ದು ಅದೊಂದೇ ಸಲ. ಕೇಳಿಯೇ ಕೆಟ್ಟರು.

ಆಳಂದದ ಮಿಸ್ತ್ರಿ ಲಾಡ್ಲೆಸಾಬನ ಮುಂದೆ ಜೀಪು ನಿಲ್ಲಿಸಿ, ಒಂದು ಗೇಣು ಎತ್ತಬೇಕೆಂದರು. ಅವನು ಟೇಪು ಹುಡುಕಿದ, ಸಿಗಲಿಲ್ಲ. ಗೇಣಿಗೆ ಟೇಪ್ಯಾಕೆ ಎಂದು ತನ್ನ ಕೈಯನ್ನೇ ಚಾಚಿದ. ಅದು ಕೈಯಲ್ಲ, ರೊಟ್ಟಿ ಬಡಿಯುವ ಅಗಲವಾದ ಮರದ ಕೊಣಮಿಗೆ (ನಂಬದವರು ಆಳಂದಕ್ಕೆ ಹೋಗಿ ನೋಡಿ ಬರಬಹುದು). ಅಲ್ಲಿಗೇ ನಿಂತಿದ್ದರೂ ಬದುಕುತ್ತಿದ್ದರು. ರಾಯರು ತಮ್ಮ ದೊಡ್ಡಸ್ತಿಕೆಗೆಂದು ಇನ್ನೊಂದು ಗೇಣು ಸೇರಿಸು ಅಂದರು. ಎರಡು ತಿಂಗಳು ಅವನು ಚಾಸಿ ಕೊಯ್ದು, ದಪ್ಪ ಕಬ್ಬಿಣ ಬೆಸೆದು, ಲಾರಿಯ ಕಮಾನ್ ಪಾಟಾ ಕೂಡಿಸಿ, ದೊಡ್ಡ ಗಾಲಿ ಏರಿಸಿದ. ಜೀಪು ತಿರುಗಿಸಲು ಅಡ್ಡವೆಂದು ರಾಯರು ಹೊಲದಲ್ಲಿದ್ದ ಒಂದೇ ಒಂದು ಜಾಲಿಮರವನ್ನೂ ಕಡಿಸಿದರು.

ಈ ವರ್ಷದ ಅಮಾಸಿ ಬಂತು. ರಥ ಸಿದ್ಧವಾಗಿತ್ತು, ರಥಾರೋಹಣವೊಂದೇ ಬಾಕಿ. ಸಜ್ಜೆ ರೊಟ್ಟಿಯ ಗಂಟು ಹಿಡಿದು ಬಂದ ಶಾರದಾಬಾಯಿಗೆ ಕಾಲಿಡುವ ಮೆಟ್ಟಿಲು ಸೊಂಟಕ್ಕೆ ಬಂತು. ರಾಯರು ಓಡಿಹೋಗಿ ಏಣಿ ತಂದರು. ಎದುರುಮನೆಯ ಚಾಂದಬೀ ಬಾಗಿಲಿಗೆ ಬಂದು ನಿಂತಳು. ಶಾರದಾಬಾಯಿ ಒಂದು ಮೆಟ್ಟಿಲು ಏರಿ, ಮೊಣಕಾಲು ಹಿಡಿದುಕೊಂಡು ಇಳಿದಳು.

“ಇದು ಜೀಪಲ್ರಿ, ಮಾಳಗಿ. ಹಪ್ಪಳ ಒಣಸಾಕಾದ್ರ ಏರ್ತೇನಿ.”

“ಒಂದ ಗೇಣ ಅಂದಾಕಿ ನೀನs ಅಲ್ಲೇನು?”

“ಯಾರ ಗೇಣ್ರಿ?”

ಆಕೆ ಕೈ ಚಾಚಿದಳು. ಪುಟ್ಟ ಕೈ, ಹಿಟ್ಟು ಇನ್ನೂ ಅಂಟಿತ್ತು. ಅದನ್ನು ಒಮ್ಮೆ ಜೀಪಿಗೆ ಹಿಡಿಸಿ ನೋಡಿದ್ದರೆ ಸಾಕಿತ್ತು ಎಂದು ರಾಯರಿಗೆ ಆಗ ಹೊಳೆಯಿತು.

ಪಕ್ಕದ ಹೊಲದ ರೈತ ದೊಡ್ಡಪ್ಪನ ಎತ್ತಿನ ಬಂಡಿಯಲ್ಲಿ ಶಾರದಾಬಾಯಿ ಹೊರಟಳು, ಗಡಿಗೆ ಗಂಟುಗಳೂ ಆಕೆಯ ಜೊತೆಗೇ ಹೋದವು. ಜೀಪು ಹಳ್ಳವನ್ನು ಲೆಕ್ಕಕ್ಕೇ ಇಡದೆ ದಾಟಿತು. ನೋಡಿದ್ಯಾ ಎನ್ನಲು ರಾಯರು ರೂಢಿಯಂತೆ ಎಡಕ್ಕೆ ತಿರುಗಿದರು. ಸೀಟು ಖಾಲಿ. ಎಮ್ಮೆ ಅಡ್ಡ ಬಂದರೂ ಹೇಳುವವರಿಲ್ಲ. ಅಷ್ಟು ಎತ್ತರದಲ್ಲಿ ಒಬ್ಬರೇ ಕೂತು ಅವರಿಗೆ ನಿಜವಾಗಿಯೂ ಸಂಕಟವಾಯಿತು. ಹೊಲ ಮುಟ್ಟಿ, ಹಸಿದ ಹೊಟ್ಟೆಯಲ್ಲಿ ಬಂಡಿಗಾಗಿ ಒಂದು ತಾಸು ಕಾದರು.

ಬಂಡಿ ಬಂತು. ಚರಗ ಚೆಲ್ಲಿ ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ನೆರಳಿಗೆ ಮರವಿಲ್ಲ. ಶಾರದಾಬಾಯಿ ಸುತ್ತ ನೋಡಿ, ಸೀದಾ ಜೀಪಿನ ಅಡಿಗೆ ಹೋಗಿ ಕಂಬಳಿ ಹಾಸಿದಳು. ದೊಡ್ಡಪ್ಪನ ಮನೆಯವರೆಲ್ಲ ಒಳಗೆ ಸೇರಿ ಪಂಕ್ತಿ ಕೂತರು. ತಂಪಾಗಿದೆ, ಉಣ್ಣಲು ಬರ್ರಿ ಎಂದು ಕರೆ ಬಂತು.

ರಾಯರು ಬಗ್ಗಿ ಒಳಹೊಕ್ಕರು. ಲಾಡ್ಲೆಸಾಬ ಬೆಸೆದ ಕಬ್ಬಿಣ ತಲೆಗೆ ಠಣ್ಣೆಂದು ಬಡಿಯಿತು. ಶಾರದಾಬಾಯಿ ಅವರ ತಲೆ ತಿಕ್ಕಿ, ಕಬ್ಬಿಣದ ಕಡೆ ನೋಡಿದಳು.

“ಇನ್ನೊಂದ ಗೇಣ ಎತ್ತರ ಇರಬೇಕಿತ್ತು ನೋಡ್ರಿ.”

ರಾಯರು ಈ ಸಲ ರೊಟ್ಟಿ ಮುರಿಯುವ ಮೊದಲೇ ಕೇಳಿಬಿಟ್ಟರು: “ಯಾರ ಗೇಣ?”