ಪಂಪಿನ ಬಾಯಲ್ಲಿ ಒಗ್ಗಟ್ಟು, ಜಾಡಿಯಲ್ಲಿ ಮುಷ್ಕರ

ಬೆಳ್ತಂಗಡಿ ತಾಲೂಕಿನ ನಮ್ಮ ಲೋಕಯ್ಯ ಮಾವನ ಕೆರೆಯಲ್ಲಿ ತಲೆತಲಾಂತರದಿಂದ ಬಾಡಿಗೆಯಿಲ್ಲದೆ ವಾಸವಾಗಿರುವ ಶ್ರೀ ಹಸಿರು ಪಾಚಿ ಮತ್ತು ಕುಟುಂಬದವರ ಸನ್ನಿಧಾನಕ್ಕೆ, ಮೂಡುಬಿದಿರೆಯ ಹಾಸ್ಟೆಲಿನಿಂದ ಎಂ.ಎಸ್ಸಿ. ಸಸ್ಯಶಾಸ್ತ್ರದ ವಿದ್ಯಾರ್ಥಿನಿ ಪ್ರಾಪ್ತಿ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಮ್ಮ ಕ್ಷೇಮ ಸಮಾಚಾರ ಕೇಳಬೇಕಾಗಿಲ್ಲ. ನಿನ್ನೆ ಕೆರೆಯ ಮೆಟ್ಟಿಲಿನಲ್ಲಿ ನಾನು ಜಾರಿಬಿದ್ದ ರಭಸದಲ್ಲೇ ತಾವು ದಷ್ಟಪುಷ್ಟವಾಗಿದ್ದೀರೆಂದು ತಿಳಿಯಿತು. ನನ್ನ ಕ್ಷೇಮ ಮಾತ್ರ ತಮ್ಮ ಲೋಳೆಯನ್ನೇ ನಂಬಿಕೊಂಡಿದೆ. ನಾಳೆ ಬೆಳಿಗ್ಗೆ ನನ್ನ ಪ್ರಾಜೆಕ್ಟಿನ ವೈವಾ.

ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಅತಿ ಸಣ್ಣ ಚೂರುಗಳನ್ನು ತಾವು ಮೈಯಿಂದ ಹೊರಡಿಸುವ ಲೋಳೆಯಿಂದ ಒಂದಕ್ಕೊಂದು ಅಂಟಿಸಿ, ಮುದ್ದೆ ಮಾಡಿ, ಭಾರವಾಗಿಸಿ ತಳಕ್ಕೆ ಇಳಿಸುತ್ತೀರೆಂದೂ, ಅದನ್ನು ಜಾಡಿಯಲ್ಲೇ ತೋರಿಸುವೆನೆಂದೂ ನಾನು ನನ್ನ ಗೈಡ್ ಸಬೀಹಾ ಮೇಡಮ್ಮಿಗೆ ಎದೆ ತಟ್ಟಿ ಹೇಳಿದ್ದೆ. ಪರವೂರಿನ ಪ್ಲಾಸ್ಟಿಕ್ ತಮಗೆ ಒಗ್ಗದೇ ಹೋದೀತೆಂದು, ಮಳೆಗಾಲದಲ್ಲಿ ರಬ್ಬರ್ ಮರಗಳಿಗೆ ಲಂಗದಂತೆ ಸುತ್ತುವ ರೈನ್‌ಗಾರ್ಡ್ ಪ್ಲಾಸ್ಟಿಕ್ಕನ್ನೇ, ಅಂದರೆ ವರ್ಷವರ್ಷವೂ ಹರಿದು ಪುಡಿಯಾಗಿ ತಮ್ಮ ಕೆರೆಗೇ ಬಂದು ಬೀಳುವ ಮನೆಮಾಲನ್ನೇ, ಅರೆದು, ತಮ್ಮ ಕುಟುಂಬದ ಕೆಲವರನ್ನು ತಂದಿಟ್ಟ ಜಾಡಿಗೆ ಬಡಿಸಿದ್ದೆ.

ತಾವು ಮುಟ್ಟಲಿಲ್ಲ. ಚೂರುಗಳು ಬಸ್‌ಸ್ಟ್ಯಾಂಡಿನ ಅಪರಿಚಿತರಂತೆ ಒಂದೊಂದು ದಿಕ್ಕಿಗೆ ಮುಖಮಾಡಿ ತೇಲುತ್ತಿದ್ದರೆ ತಾವು ಬಿಳಿಚಿಕೊಂಡು ಮೂಲೆ ಹಿಡಿದಿರಿ. ಜಾಡಿಯನ್ನು ಬಿಸಿಲಿಗಿಟ್ಟೆ, ನೆರಳಿಗಿಟ್ಟೆ, ತಮಗೆ ಕಚೇರಿಯ ಕನ್ನಡ ತಿಳಿಯದೇನೋ ಎಂದು ಬಾಗಿಲು ಹಾಕಿಕೊಂಡು ತುಳುವಿನಲ್ಲೂ ಬೇಡಿಕೊಂಡೆ. ಕೊನೆಗೆ ಮೇಡಂ ಜಾಡಿಯನ್ನು ಬೆಳಕಿಗೆ ಹಿಡಿದು, "ನೀರು ಎಂತದರಲ್ಲಿ ತಂದದ್ದು?" ಎಂದು ಕೇಳಿದಾಗಲೇ ನನಗೆ ಮಾವನ ಕ್ಯಾನು ನೆನಪಾದದ್ದು. ಅಡಿಕೆಗೆ ಹೊಡೆಯುವ ಮೈಲುತುತ್ತಿನ ಕ್ಯಾನದು! "ತೊಳೆದದ್ದೇ ಉಂಟು ಮಾರಾಯ್ತಿ, ಎಂತ ಆಗುದಿಲ್ಲ" ಎಂದು ಮಾವನೇ ಪ್ರೀತಿಯಿಂದ ತುಂಬಿಸಿಕೊಟ್ಟಿದ್ದರು. ಅದರ ತಳದ ಸಂದಿಯಲ್ಲಿ ನೀಲಿ ಕರೆ ಹಾಗೇ ಇತ್ತು. ಅಡಿಕೆಯ ರೋಗವನ್ನು ಕೊಲ್ಲುವ ಮೈಲುತುತ್ತು ತಮ್ಮನ್ನು ಬಿಟ್ಟೀತೇ? ತಾವು ಮುಷ್ಕರ ಹೂಡಿದ್ದಲ್ಲ, ತೀರಿಕೊಂಡದ್ದು ಎಂದು ತಿಳಿದು ನನಗೆ ನಿಜವಾಗಿಯೂ ಬೇಸರವಾಯಿತು. ಆದರೂ ಒಂದು ಮಾತು ಮೊದಲೇ ತಿಳಿಸಬಹುದಿತ್ತು.

ಹೊಸದಾಗಿ ಪ್ರಯೋಗ ಮಾಡಲು ದಿನಗಳಿರಲಿಲ್ಲ. ನಾನು ಅತ್ತೂ ಆಗಿತ್ತು. ಅಷ್ಟರಲ್ಲಿ ನಿನ್ನೆ ದಮಯಂತಿ ಅತ್ತೆಯ ಫೋನು: "ಪಂಪು ನೀರು ಎಳೆಯುದಿಲ್ಲ, ನಿನ್ನ ಮಾವ ಈ ಪ್ರಾಯದಲ್ಲಿ ಕೆರೆಗೆ ಇಳಿದಿದ್ದಾರೆ, ನೀನಾದರೂ ಬಂದು ಹೇಳು." ಹೋಗಿ ನೋಡಿದರೆ ಮಾವನ ಕೈಯಲ್ಲಿ ಪಂಪಿನ ಪೈಪಿನ ತುದಿಯ ಫುಟ್‌ವಾಲ್ವು, ಅದರ ಜಾಲರಿಗೆ ತೆಂಗಿನಕಾಯಿಯಷ್ಟು ದಪ್ಪದ ತಮ್ಮ ಹಸಿರು ಮುದ್ದೆ, ಮುದ್ದೆಯ ತುಂಬ ರೈನ್‌ಗಾರ್ಡಿನ ಚೂರು, ಗೊಬ್ಬರದ ಚೀಲದ ನೂಲು! ನನ್ನ ಜಾಡಿಯಲ್ಲಿ ಕೊಡದ ದರ್ಶನವನ್ನು ತಾವು ಪಂಪಿನ ಬಾಯಲ್ಲಿ ಕೊಟ್ಟಿದ್ದಿರಿ. ಮಾವ ಅದನ್ನು ಉಜ್ಜಲು ಬ್ರಷ್ ಎತ್ತಿದ್ದೇ ತಡ, ನಾನು ಕಿರುಚಿದ ಕಿರುಚಿಗೆ ಅವರು ಬ್ರಷ್ಷನ್ನು ಕೆರೆಗೆ ಬಿಟ್ಟರು, ಅತ್ತೆ ಹಾವೆಂದುಕೊಂಡು ಅಂಗಳಕ್ಕೆ ಓಡಿದರು, ನಾನು ಕುಣಿಯಲು ಹೋಗಿ ಮೇಲೆ ಹೇಳಿದಂತೆ ಜಾರಿಬಿದ್ದೆ.

ಮಾವನ ಯಾವ ಕ್ಯಾನನ್ನೂ ನಂಬದೆ ತಮ್ಮನ್ನು ಅತ್ತೆಯ ಟಿಫಿನ್ ಕ್ಯಾರಿಯರಿನಲ್ಲಿ ಕೂರಿಸಿ, ವೇಣೂರಿನ ಮೇಲಾಗಿ ಬರುವ ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದೆ. ಪಕ್ಕದ ಸೀಟಿನ ಹೆಂಗಸು ಮೂಗು ಮುಚ್ಚಿಕೊಂಡು, "ಪದಾರ್ಥ ಹಳಸಿದೆ ಮಗಾ, ಬಿಸಾಡು" ಎಂದು ಉಪಕಾರದ ಮಾತನ್ನೂ ಹೇಳಿದರು. ಸೂಕ್ಷ್ಮದರ್ಶಕದಲ್ಲಿ ತಮ್ಮನ್ನು ನೋಡಿದ ಮೇಡಂ, ತೀರಿಕೊಂಡವರ ಜಾಡಿಯನ್ನೂ ಪಕ್ಕದಲ್ಲೇ ಇಡೋಣ, ಜೀವ ಇಲ್ಲದ ಪಾಚಿ ಅಂಟಿಸುವುದಿಲ್ಲವೆಂದು ತೋರಿಸಿದ ಹಾಗೂ ಆಯಿತು ಎಂದರು.

ಸಮವಸ್ತ್ರವಿಲ್ಲದೆ, ಸೀಟಿ ಊದದೆ, ಹಸಿ ಕಸ ಒಣ ಕಸವೆಂದು ಯಾರನ್ನೂ ಗದರದೆ ಇಡೀ ಗುಡ್ಡದ ಪ್ಲಾಸ್ಟಿಕ್ಕನ್ನು ಒಂದುಗೂಡಿಸಿದ ತಮ್ಮನ್ನು ಮುಂದಿನ ಪಂಚಾಯತ್ ಚುನಾವಣೆಗೆ ಅವಿರೋಧವಾಗಿ ಆರಿಸಬೇಕೆಂದು ನನ್ನ ಅಭಿಪ್ರಾಯ. ಸದ್ಯಕ್ಕೆ ನಾಳೆ ಪರೀಕ್ಷಕರು ಎದ್ದು ಹೋಗುವವರೆಗೆ ದಯವಿಟ್ಟು ಕೈಕೈ ಹಿಡಿದುಕೊಂಡಿರಿ, ನನ್ನ ಬಾಯಿ ಒಣಗಿದರೆ ಒಂದೆರಡು ಉತ್ತರಗಳನ್ನೂ ತಾವೇ ಕೊಡಿ.

ತಮ್ಮ ವಿಶ್ವಾಸಿ, ಹಾಗೂ ತಮ್ಮ ಅಂಟಿನಿಂದಲೇ ಬಿಡಿಬಿಡಿಯಾಗದೆ ಉಳಿದಿರುವ,
ಪ್ರಾಪ್ತಿ

ತಾ.ಕ.: ವೈವಾ ಮುಗಿಯಿತು, ಪಾಸಾದೆ! ಪರೀಕ್ಷಕರು ತಮ್ಮನ್ನು ಬಾಯಿತುಂಬ ಹೊಗಳಿ, ತಳಕ್ಕಿಳಿದ ಪ್ಲಾಸ್ಟಿಕ್ ಆಮೇಲೆ ಎಲ್ಲಿಗೆ ಹೋಗುತ್ತದೆಂದು ಕೇಳಿದರು. ಅಲ್ಲೇ ಇರುತ್ತದೆ ಎಂದೆ. ಸಂಜೆ ಸಿಹಿಸುದ್ದಿ ಹೇಳಲು ಫೋನು ಮಾಡಿದರೆ, ಪಂಪು ಇನ್ನು ಕಟ್ಟಿಕೊಳ್ಳಬಾರದೆಂದು ಮಾವ ಕೆರೆಯ ತಳದ ಕೆಸರನ್ನೆಲ್ಲ ಎತ್ತಿಸಿ ಅತ್ತೆಯ ಬಸಳೆಯ ಬುಡಕ್ಕೆ ಹಾಕಿಸಿದ್ದರು. ಬಳ್ಳಿ ಚಿಗುರಿದ ಮೇಲೆ ನನ್ನ ಪಾಸಿನ ಲೆಕ್ಕದಲ್ಲಿ ಬಸಳೆ ಪದಾರ್ಥದ ಊಟವಂತೆ. ತಾವು ಅಷ್ಟು ಒಗ್ಗಟ್ಟಿನಿಂದ ಹಿಡಿದುಕೊಟ್ಟದ್ದನ್ನು ನಾವೂ ಅಷ್ಟೇ ಒಗ್ಗಟ್ಟಿನಿಂದ ಸಾಲಾಗಿ ಕುಳಿತು ಉಣ್ಣಲಿದ್ದೇವೆ. ತಾವು ಸಕುಟುಂಬ ಬರಬೇಕು.