ವ್ಯಾಸದ ಗುಂಟ ಒಂದು ಕತ್ತರಿ

"ತಿರುಗಿದ್ರೆ ಛತ್ರಿ ಹಾಗೆ ಅರಳೋ ಲಂಗ ಕಣೋ. ಸೊಂಟ ಇಪ್ಪತ್ತಿಂಚು, ಉದ್ದ ಬಟ್ಟೆ ಬಂದಷ್ಟು ಇರಲಿ. ಸಂಜೆಗೇ ಬೇಕು," ಎಂದು ಅಕ್ಕ ಬೆಳಿಗ್ಗೆ ಫೋನಿಟ್ಟಳು. ಬಟ್ಟೆ ನಿನ್ನೆಯೇ ಕಳಿಸಿದ್ದಳು, ನವಿಲಿನ ಕೊರಳಿನ ಬಣ್ಣದ್ದು.

ಅವಳ ಮಗಳಿಗಿರಬೇಕು ಎಂದುಕೊಂಡ ದರ್ಜಿ ತಮ್ಮ. ಅಪ್ಪ ಅಮ್ಮ ಹೋದಮೇಲೆ ಅವನನ್ನು ಸಾಕಿದ ಅಕ್ಕ ತನಗೆಂದು ಯಾವತ್ತು ಏನು ಕೇಳಿದ್ದಾಳೆ?

ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮೂಲೆಯಿಂದ ಆರೂ ಚಿಲ್ಲರೆ ಇಂಚಿಗೆ ಗೆರೆ ಎಳೆದು ಕಚಕ್ಕನೆ ಕತ್ತರಿಸಿದ. ಬಿಡಿಸಿದರೆ ಸೊಂಟದ ಜಾಗದಲ್ಲಿ ಬಾವಿಯಂಥ ತೂತು! ಇಬ್ಬರು ಮಕ್ಕಳು ಕೈಕೈ ಹಿಡಿದು ಇಳಿಯಬಹುದಿತ್ತು.

ಪ್ಯಾಂಟು ಕೇಳಲು ಬಂದಿದ್ದ ಎದುರುಮನೆಯ ಗಣಿತದ ಮೇಷ್ಟ್ರಿಗೆ ಹಬ್ಬವಾಯಿತು. "ಇಪ್ಪತ್ತರ ಸುತ್ತಳತೆಗೆ ಆರೂ ಚಿಲ್ಲರೆ ಅನ್ನೋದು ವ್ಯಾಸ ಕಣಯ್ಯ! ಮಡಿಕೆ ಮೂಲೆ ಅಂದ್ರೆ ಕೇಂದ್ರ. ಅಲ್ಲಿಂದ ಅಳೀಬೇಕಾದ್ದು ತ್ರಿಜ್ಯ, ಅದರ ಅರ್ಧ. ಈಗ ಸೊಂಟ ನಲವತ್ತಾಯ್ತು."

"ಎಲಾಸ್ಟಿಕ್ ಹಾಕಿ ಬಿಗಿದುಬಿಡಣ್ಣ," ಎಂದ ಪಕ್ಕದಂಗಡಿಯ ಇಸ್ತ್ರಿಯವನು.

"ಅದು ತೇಪೆ ಬುದ್ಧಿ! ವ್ಯಾಸದ ಗುಂಟ ಸೀಳು. ಅರ್ಧವೃತ್ತ ಉಳಿಯುತ್ತೆ, ಸೊಂಟ ಸರಿಯಾಗಿ ಇಪ್ಪತ್ತು!"

ಗ್ರಹಚಾರ ಕೆಟ್ಟರೆ ಹಗ್ಗವೂ ಹಾವಾಗುತ್ತದಂತೆ. ದರ್ಜಿ ಸೀಳಿದ. ಒಂದರ್ಧವನ್ನು ಲಂಗ ಮಾಡಿದ. ಇನ್ನೊಂದರ್ಧ ಇಸ್ತ್ರಿಯವನ ಮೇಜಿಗೆ ಹಾಸಾಯಿತು.

ಸಂಜೆ ಅಕ್ಕ ಮಗಳೊಂದಿಗೆ ಬಂದಳು. ಲಂಗ ಇಸಿದುಕೊಂಡು ತಾನೇ ಪರದೆಯ ಹಿಂದೆ ಹೋದಳು. ಒಳಗಿನಿಂದಲೇ ಕೂಗಿದಳು.

"ಇದು ಮೊಣಕಾಲು ದಾಟ್ತಿಲ್ಲ ಕಣೋ."

"ನಿಂಗಾ ಅಕ್ಕಾ? ಇಪ್ಪತ್ತು ಅಂದ್ಯಲ್ಲ!"

"ಹಳೇ ಲಂಗ ನೆಲದ ಮೇಲೆ ಹಾಸಿ ಈ ತುದಿಯಿಂದ ಆ ತುದಿಗೆ ಅಳೆದೆ. ಹಿಂದಿನ ಭಾಗ ಲೆಕ್ಕಕ್ಕೇ ಬರಲಿಲ್ಲ ನೋಡು." ಪರದೆಯಿಂದ ಮುಖ ಹೊರಹಾಕಿ ನಗಲು ನೋಡಿದಳು. "ಆಫೀಸಿನ ಪಾರ್ಟೀಲಿ ಇವತ್ತು ಎಲ್ರೂ ಕುಣೀತಾರೆ. ಈ ವಯಸ್ಸಲ್ಲಿ ನಂಗೆ ಅಂತ ಹೇಳೋಕೆ ನಾಚಿಕೆ ಆಯ್ತು."

ಹಾಸಿ ಅಳೆದ ಇಪ್ಪತ್ತು, ಸುತ್ತಿದರೆ ನಲವತ್ತು. ಉಳಿದರ್ಧ ತರಲು ಅವನು ಪಕ್ಕದಂಗಡಿಗೆ ಓಡಿದ. ನವಿಲುಬಣ್ಣದ ನಡುಮಧ್ಯೆ ಇಸ್ತ್ರಿಪೆಟ್ಟಿಗೆ ತನ್ನ ಕಪ್ಪು ಗುರುತು ಒತ್ತಿಯಾಗಿತ್ತು.

ಮರಳಿದಾಗ ಲಂಗ ತೊಟ್ಟ ಮಗಳು ಕನ್ನಡಿಯ ಮುಂದೆ ತಿರುಗುತ್ತಿದ್ದಳು. ಅಕ್ಕ ಬಂದಾಗಿನ ಬೂದುಬಣ್ಣದ ಬಟ್ಟೆಯಲ್ಲೇ ನಿಂತಿದ್ದಳು.

"ಇವಳಿಗಾದ್ರೂ ಆಯ್ತಲ್ಲ, ಬಿಡು. ನೀನೇನು ತಪ್ಪು ಮಾಡಿದೆ? ನಾನು ಹೇಳಿದ ಅಳತೆಗೆ ಸರಿಯಾಗೇ ಹೊಲಿದಿದ್ದೀಯ," ಎಂದು ತಮ್ಮನ ಬೆನ್ನು ಸವರಿದಳು. "ನಾನು ಕೂತು ಚಪ್ಪಾಳೆ ಹೊಡೀತೀನಿ."

ಬೆಳಿಗ್ಗೆ ತಪ್ಪಿ ನಿನ್ನಳತೆಗೇ ಕತ್ತರಿಸಿದ್ದೆ ಅಕ್ಕಾ, ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಮಗಳ ಕೈ ಹಿಡಿದು ಮೆಟ್ಟಿಲಿಳಿದಿದ್ದಳು.